ಹಾಳೂರಿನ ಕುರುಹು: ಬಳ್ಳಾರಿ, ಕುರುಗೋಡು, ಸಿರುಗುಪ್ಪ ಸೀಮೆಯಲ್ಲಿ ಮಧ್ಯಯುಗದ ಹಳ್ಳಿಗಳ ಹುಡುಕಾಟ

ಕಂದಾಯದ ಹಳೆಯ ದಾಖಲೆಗಳಲ್ಲಿ ‘ಬೇಚರಾಕ್’ ಎಂಬ ಮಾತೊಂದು ಬರುತ್ತದೆ. ಪಾರಸಿಯಿಂದ ಬಂದ ಈ ಮಾತಿಗೆ ‘ದೀಪವಿಲ್ಲದ್ದು’ ಎಂದು ಅರ್ಥ. ನಕಾಶೆಯಲ್ಲಿ ಹೆಸರಿದ್ದು, ಎಲ್ಲೆಯಿದ್ದು, ಹೊಲಗಳಿಗೆ ಸರ್ವೆ ನಂಬರುಗಳಿದ್ದು, ಆದರೆ ಸಂಜೆ ದೀಪ ಹಚ್ಚುವ ಒಂದು ಮನೆಯೂ ಇಲ್ಲದ ಗ್ರಾಮವನ್ನು ಹೀಗೆ ಕರೆಯುವುದು ರೂಢಿ. ಜನರ ಬಾಯಲ್ಲಿ ಅದೇ ‘ಹಾಳೂರು’. ಬಳ್ಳಾರಿ ಸೀಮೆಯ ರೈತನೊಬ್ಬನು ತನ್ನ ಹೊಲವನ್ನು ‘ಹಾಳೂರ ಹೊಲ’ ಎಂದೋ ‘ಊರದಿಬ್ಬದ ಹೊಲ’ ಎಂದೋ ಕರೆದರೆ, ಆ ಮಾತಿನ ಹಿಂದೆ ಒಂದು ಊರಿನ ಹುಟ್ಟು, ಬಾಳು ಮತ್ತು ಅಳಿವು ಅಡಗಿರುವ ಸಾಧ್ಯತೆಯಿದೆ.

ನಾಡಿನ ಇತಿಹಾಸವನ್ನು ಸಾಮಾನ್ಯವಾಗಿ ಅರಮನೆ, ಕೋಟೆ ಮತ್ತು ಗುಡಿಗಳ ಮೂಲಕ ಹೇಳುವುದು ವಾಡಿಕೆ. ಆದರೆ ಆ ಕೋಟೆಗೆ ಕಲ್ಲು ಹೊತ್ತವರು, ಗುಡಿಯ ನಂದಾದೀಪಕ್ಕೆ ಎಣ್ಣೆ ತೆಗೆದವರು, ಅರಮನೆಯ ಕಣಜಕ್ಕೆ ಜೋಳ ತುಂಬಿದವರು ಹಳ್ಳಿಗಳಲ್ಲಿ ಬಾಳಿದವರು. ಅವರ ಮನೆಗಳು ಮಣ್ಣಿನವು, ಬಳಕೆಯ ಪಾತ್ರೆಗಳು ಮಣ್ಣಿನವು, ಬದುಕೂ ಮಣ್ಣಿನೊಂದಿಗೇ ಬೆರೆತದ್ದು. ಹೀಗಾಗಿ ಅವರ ಚರಿತ್ರೆಯ ಬಹುಭಾಗವನ್ನು ಮಣ್ಣಿನಲ್ಲಿಯೇ ಓದಬೇಕಾಗಿದೆ. ಬಳ್ಳಾರಿ ನಗರದ ಸುತ್ತಮುತ್ತ ಹಾಗೂ ಕುರುಗೋಡು, ಸಿರುಗುಪ್ಪ ಸೀಮೆಗಳಲ್ಲಿ ಮಧ್ಯಯುಗದ ಹಳ್ಳಿಯೊಂದರ ನೆಲೆ ಇದ್ದಿರಬಹುದೆಂದು ಹೇಳಲು ಯಾವ ಬಗೆಯ ಕುರುಹುಗಳು ಬೇಕು, ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು, ಇಂದು ಆ ಕುರುಹುಗಳಿಗೆ ಒದಗಿರುವ ಸ್ಥಿತಿಯೇನು ಎಂಬುದು ಈ ಲೇಖನದ ವಿಚಾರ.

ಸೀಮೆಯ ಸ್ವರೂಪ

ಬಳ್ಳಾರಿ ಸೀಮೆಯ ನೆಲ ಎರಡು ಬಗೆಯದು. ಒಂದು ಕಡೆ ಬಯಲಿನ ನಡುವೆ ಥಟ್ಟನೆ ಎದ್ದು ನಿಂತ ಕಣಶಿಲೆಯ ಬೋಳುಗುಡ್ಡಗಳು ಮತ್ತು ಅವುಗಳ ಬುಡದ ಕೆಂಪುಮಣ್ಣು. ಇನ್ನೊಂದು ಕಡೆ ಕಣ್ಣು ಹಾಯುವವರೆಗೆ ಹರಡಿದ ಎರೆಭೂಮಿ. ಪಶ್ಚಿಮ ಮತ್ತು ಉತ್ತರದಲ್ಲಿ ತುಂಗಭದ್ರೆ; ಪೂರ್ವದಲ್ಲಿ ವೇದಾವತಿ, ಅಂದರೆ ಜನರ ಬಾಯಿನ ಹಗರಿ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಊರು ಎಲ್ಲಿ ನಿಲ್ಲಬೇಕೆಂಬುದನ್ನು ನೀರೇ ನಿರ್ಧರಿಸುತ್ತಿತ್ತು. ಗುಡ್ಡದ ಬಂಡೆಗಳ ಮೇಲೆ ಬಿದ್ದ ಮಳೆ ಹರಿದು ನಿಲ್ಲುವ ತಗ್ಗು, ಹಳ್ಳದ ತಿರುವು, ನದಿಯ ಎತ್ತರದ ದಂಡೆ ಇವೇ ಊರುಗಳಿಗೆ ಹೇಳಿ ಮಾಡಿಸಿದ ತಾಣಗಳಾಗಿದ್ದವು. ಸಂಗನಕಲ್ಲು, ಕಪ್ಪಗಲ್ಲು, ಕೊಳಗಲ್ಲು ಎಂಬ ಹೆಸರುಗಳು ಕಲ್ಲುಗುಡ್ಡದ ಆಸರೆಯನ್ನು ನೆನಪಿಸುತ್ತವೆ. ಕುರುಗೋಡಿನ ಬಳಿಯ ಸೋಮಸಮುದ್ರ ಎಂಬ ಹೆಸರು ಕೆರೆಯೊಂದನ್ನು, ಬಾದನಹಟ್ಟಿ ಎಂಬ ಹೆಸರು ದನಕರುಗಳ ಹಟ್ಟಿಯೊಂದನ್ನು ನೆನಪಿಸುತ್ತದೆ.

ಇಲ್ಲಿ ಜನವಸತಿ ಬಹಳ ಹಳೆಯದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಬಳ್ಳಾರಿಯ ಸುತ್ತಲಿನ ಗುಡ್ಡಗಳಲ್ಲಿ ನವಶಿಲಾಯುಗದ ಕಲ್ಲಿನ ಕೊಡಲಿಗಳನ್ನು ಗುರುತಿಸಿದರು. ಸಂಗನಕಲ್ಲಿನ ಗುಡ್ಡದಲ್ಲಿ 1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಉತ್ಖನನ ನಡೆಸಿದರು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅವರು ಅಗೆದಾಗ ಬೆಟ್ಟದ ಮೇಲಿನ ದುಂಡು ಗುಡಿಸಲುಗಳ ನೆಲೆಗಳು ಕಾಣಿಸಿಕೊಂಡವು. ಅದೇ ಊರಿನ ಬೋಯರು ಆಗಲೂ ಕಟ್ಟಿಕೊಳ್ಳುತ್ತಿದ್ದ ದುಂಡು ಗುಡಿಸಲುಗಳನ್ನು ನೋಡಿ, ಸಾವಿರಾರು ವರ್ಷಗಳ ಹಿಂದಿನ ಗುಡಿಸಲಿನ ಮಾಡು ಹೇಗಿದ್ದಿರಬಹುದೆಂದು ಅವರು ಊಹಿಸಿದುದು ಇಲ್ಲಿ ಸ್ಮರಣೀಯ. ಬದುಕಿರುವ ಹಳ್ಳಿಯು ಅಳಿದ ಹಳ್ಳಿಗೆ ಕೈದೀಪವಾಗಬಲ್ಲದು ಎಂಬುದಕ್ಕೆ ಇದೊಂದು ಉತ್ತಮ ನಿದರ್ಶನ. ಮುಂದೆ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರ ಸಂಶೋಧನೆಯು ಸಂಗನಕಲ್ಲಿನ ಮಹತ್ವವನ್ನು ಜಗತ್ತಿಗೆ ತಿಳಿಸಿತು.

1970ರ ದಶಕದ ಕೊನೆಯಲ್ಲಿ ಸಿರುಗುಪ್ಪ ಭಾಗದ ನಿಟ್ಟೂರು ಮತ್ತು ಉದೇಗೋಳಗಳಲ್ಲಿ ಅಶೋಕನ ಶಾಸನಗಳು ದೊರೆತು, ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿಯೇ ಈ ನದೀತೀರದಲ್ಲಿ ಓದುಬರಹ ಕೇಳುವ ಜನರಿದ್ದರೆಂಬುದು ಖಚಿತವಾಯಿತು. ಕೊಳಗಲ್ಲಿನ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮರಣವನ್ನೂ ಖೊಟ್ಟಿಗನು ಪಟ್ಟಕ್ಕೆ ಬಂದುದನ್ನೂ ತಿಳಿಸುತ್ತದೆ. ಅದರ ಕಾಲ ಶಕವರ್ಷ 889, ಅಂದರೆ ಕ್ರಿ.ಶ. 967. ಹೀಗೆ ಆದಿಕಾಲದ ಗುಡಿಸಲೂ ಅರಸರ ಶಾಸನವೂ ವಿದ್ವಾಂಸರ ಗಮನ ಸೆಳೆದಿವೆ. ಇವೆರಡರ ನಡುವೆ ಉಳಿದುಹೋದದ್ದು ಮಧ್ಯಯುಗದ ಸಾಮಾನ್ಯ ಹಳ್ಳಿ. ಅದು ಶಿಲಾಯುಗದಷ್ಟು ಹಳೆಯದಲ್ಲ, ಹಂಪೆಯಷ್ಟು ವೈಭವದ್ದಲ್ಲ. ಅನೇಕ ಕಡೆ ಪ್ರಾಚೀನ ಪದರಗಳನ್ನು ಅರಸಿ ಹೋದ ಗುದ್ದಲಿಯು ಮೇಲಿನ ಪದರವನ್ನು ಬೇಗ ದಾಟಿ ಕೆಳಗಿಳಿದಿದೆ. ಆ ಮೇಲಿನ ಪದರವೇ ಶರಣರ ಕಾಲದ, ಸಿಂದರ ಕಾಲದ, ವಿಜಯನಗರದ ಕಾಲದ ಒಕ್ಕಲುಗಳ ಅಂಗಳವಾಗಿರಬಹುದು.

ಶಾಸನ ಹೇಳುವ ಊರು

ಕುರುಗೋಡು ಇಂದು ಬಳ್ಳಾರಿ ಜಿಲ್ಲೆಯ ತಾಲ್ಲೂಕು ಕೇಂದ್ರ. ದೊಡ್ಡಬಸವೇಶ್ವರನ ಏಕಶಿಲೆಯ ಬೃಹತ್ ಮೂರ್ತಿಯಿಂದ ಭಕ್ತರಿಗೆಲ್ಲ ಪರಿಚಿತವಾದ ಈ ಊರು 12ನೆಯ ಶತಮಾನದಲ್ಲಿ ಸಿಂದ ಮನೆತನದ ಮಾಂಡಲಿಕರ ರಾಜಧಾನಿಯಾಗಿತ್ತು. ಬೆಟ್ಟದ ಮೇಲೆ ಕೋಟೆಯ ಅವಶೇಷಗಳೂ, ಕೆಳಗೆ ಕಲ್ಯಾಣ ಚಾಲುಕ್ಯರ ಶೈಲಿಯ ಗುಡಿಗಳೂ ಇವೆ. ಇಲ್ಲಿನ ಎರಡು ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 14ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಹೊಯ್ಸಳ ಇಮ್ಮಡಿ ಬಲ್ಲಾಳನು ಗೆದ್ದ ಕೋಟೆಗಳ ಸಾಲಿನಲ್ಲಿಯೂ ಕುರುಗೋಡಿನ ಹೆಸರಿದೆ.

ಸಿಂದರು ಆಳಿದ ನಾಡಿಗೆ ಬಲ್ಲಕುಂದೆ ಮುನ್ನೂರು ಎಂದು ಹೆಸರು. ಸಿರುಗುಪ್ಪ ತಾಲ್ಲೂಕಿನ ಬಲಕುಂದಿ ಎಂಬ ಊರ ಹೆಸರಿನಲ್ಲಿ ಆ ಹಳೆಯ ನಾಡಿನ ದನಿ ಇಂದಿಗೂ ಕೇಳಿಬರುತ್ತದೆ. ‘ಮುನ್ನೂರು’ ಎಂಬ ಈ ಸಂಖ್ಯೆಯು ಊರುಗಳ ಎಣಿಕೆಯೋ ಕಂದಾಯದ ಲೆಕ್ಕವೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಏನೇ ಆದರೂ, ರಾಜಧಾನಿಯೊಂದನ್ನು ಹೊತ್ತು ನಿಂತ ಹಳ್ಳಿಗಳ ಸಮೂಹವೊಂದು ಇಲ್ಲಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಗುಡಿ ಉಳಿದಿದೆ, ಕೋಟೆ ಉಳಿದಿದೆ. ಆ ಹಳ್ಳಿಗಳು ಎಲ್ಲಿದ್ದವು ಎಂಬುದೇ ಪ್ರಶ್ನೆ. ಕೆಲವು ಇಂದಿನ ಹಳ್ಳಿಗಳ ಅಡಿಯಲ್ಲಿಯೇ ಇವೆ. ಒಂದೇ ಜಾಗದಲ್ಲಿ ತಲೆಮಾರುಗಳಿಂದ ಮನೆ ಬಿದ್ದು ಮನೆ ಎದ್ದು ಊರು ಸುತ್ತಲಿನ ಹೊಲಕ್ಕಿಂತ ಎತ್ತರವಾಗಿದೆ. ಇನ್ನು ಕೆಲವು ಹೊಲಗಳ ನಡುವೆ ಹಾಳೂರುಗಳಾಗಿ ಉಳಿದಿವೆ.

ದಾನಶಾಸನಗಳಲ್ಲಿ ಈ ಹಳ್ಳಿಗಳು ಇಣುಕುತ್ತವೆ. ದೇವರ ಅಂಗಭೋಗಕ್ಕೆಂದೋ ತಪೋಧನರ ಆಹಾರಕ್ಕೆಂದೋ ಇಷ್ಟು ಮತ್ತರು ಕೆಯ್ಯನ್ನೂ, ಒಂದು ಹೂದೋಟವನ್ನೂ, ಒಂದು ಗಾಣವನ್ನೂ, ಒಂದು ಮನೆಯ ನಿವೇಶನವನ್ನೂ ಬಿಟ್ಟೆವು ಎಂದು ಶಾಸನಗಳು ಹೇಳುವಾಗ, ಬಿಟ್ಟ ಭೂಮಿಗೆ ಎಲ್ಲೆ ಹೇಳುವುದು ಅನಿವಾರ್ಯವಾಗುತ್ತದೆ. ಮೂಡಲು ಹಳ್ಳ, ತೆಂಕಲು ಊರ ದಾರಿ, ಪಡುವಲು ನಟ್ಟ ಕಲ್ಲು, ಬಡಗಲು ಹುಣಸೆಯ ಮರ ಎಂಬ ಬಗೆಯ ಆ ಎಲ್ಲೆಯ ವಿವರದಲ್ಲಿ ಊರಿನ ನೆಲವೇ ಚಿತ್ರದಂತೆ ಮೂಡುತ್ತದೆ. ಅರಸನ ವಂಶಾವಳಿಯು ಕವಿಯ ಮಾತು. ಎಲ್ಲೆಯ ವಿವರವಾದರೋ ಗೌಡನ ಮಾತು. ಅಲ್ಲಿ ಉತ್ಪ್ರೇಕ್ಷೆಗೆ ಎಡೆಯಿಲ್ಲ, ಏಕೆಂದರೆ ನಾಳೆ ಜಗಳ ಬಂದರೆ ಅದನ್ನೇ ನೋಡಿ ತೀರ್ಮಾನಿಸಬೇಕು. ಗ್ರಾಮಚರಿತ್ರೆಯನ್ನು ಅರಸುವವರು ಶಾಸನದ ಮೊದಲ ಭಾಗಕ್ಕಿಂತ ಕೊನೆಯ ಭಾಗವನ್ನು ಹೆಚ್ಚು ಎಚ್ಚರದಿಂದ ಓದಬೇಕಾದುದು ಈ ಕಾರಣಕ್ಕೆ.

ಬಳ್ಳಾರಿ ಜಿಲ್ಲೆಯ ಶಾಸನಗಳು ದಕ್ಷಿಣ ಭಾರತ ಶಾಸನಮಾಲೆಯ 9ನೆಯ ಸಂಪುಟದಲ್ಲಿ ಪ್ರಕಟವಾಗಿವೆ. ಆರ್. ಶಾಮಶಾಸ್ತ್ರೀ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರು ಸಂಪಾದಿಸಿದ ಆ ಸಂಪುಟದ ಎರಡು ಭಾಗಗಳು 1939 ಮತ್ತು 1941ರಲ್ಲಿ ಹೊರಬಂದವು. ಆಗ ಬಳ್ಳಾರಿಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ತರುವಾಯ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಈ ಜಿಲ್ಲೆಯ ಶಾಸನಗಳನ್ನು ಪ್ರತ್ಯೇಕ ಸಂಪುಟವಾಗಿ ಪ್ರಕಟಿಸಿತು. ಈ ಸಂಪುಟಗಳಲ್ಲಿ ಹೆಸರಿಸಲಾದ ಹಳ್ಳಿಗಳನ್ನು ಇಂದಿನ ನಕಾಶೆಯ ಮುಂದಿಟ್ಟುಕೊಂಡು ನೋಡಿದಾಗ, ಇಂದಿಗೂ ಇರುವ ಊರುಗಳು ಒಂದು ಕಡೆಗೂ, ಹೆಸರು ಮಾತ್ರ ಉಳಿದ ಊರುಗಳು ಇನ್ನೊಂದು ಕಡೆಗೂ ಬೇರೆಯಾಗುತ್ತವೆ. ಹುಡುಕಾಟ ಆರಂಭವಾಗುವುದು ಈ ಎರಡನೆಯ ಗುಂಪಿನಿಂದ.

ಮಣ್ಣು ಹೇಳುವ ಊರು

ಹಾಳೂರನ್ನು ಹೊಲದಲ್ಲಿ ಗುರುತಿಸುವುದು ಹೇಗೆ? ಮೊದಲ ಕುರುಹು ಮಣ್ಣಿನ ಬಣ್ಣ. ಮನುಷ್ಯರು ನೂರಾರು ವರ್ಷ ಬಾಳಿದ ನೆಲದಲ್ಲಿ ಒಲೆಯ ಬೂದಿ, ಸಗಣಿ, ಬಿದ್ದ ಗೋಡೆಯ ಮಣ್ಣು ಬೆರೆತು ಮಣ್ಣು ಬೂದುಬಣ್ಣಕ್ಕೆ ತಿರುಗುತ್ತದೆ. ಸುತ್ತಲೂ ಕಪ್ಪು ಎರೆಯಿರುವಲ್ಲಿ ಇಂಥ ಬೂದು ದಿಬ್ಬವು ದೂರದಿಂದಲೇ ಬೇರೆಯಾಗಿ ಕಾಣುತ್ತದೆ. ಎರಡನೆಯದು ಮೇಲ್ಮೈಯಲ್ಲಿ ಚೆಲ್ಲಿರುವ ಚೂರುಗಳು: ಕೆಂಪು ಮತ್ತು ಕಪ್ಪು ಮಡಕೆಯ ಚೂರು, ಗಾಜಿನ ಬಳೆಯ ಚೂರು, ಕಬ್ಬಿಣದ ಕಿಟ್ಟ, ನೂಲುವ ಕದಿರಿನ ಮಣ್ಣಿನ ಬಿಲ್ಲೆ, ಸವೆದ ಬೀಸುಕಲ್ಲಿನ ತುಂಡು. ಮೂರನೆಯದು ಕಲ್ಲಿನ ಕುರುಹುಗಳು: ಮನೆಯ ತಳಪಾಯದ ಸಾಲು, ಕಟ್ಟಿದ ಬಾವಿ, ಗಾಣದ ಕಲ್ಲು, ಬಂಡೆಯಲ್ಲಿ ಕೊರೆದ ಒರಳು, ಊರು ಕಟ್ಟುವಾಗ ನೆಟ್ಟ ಕರುಗಲ್ಲು, ವೀರಗಲ್ಲು, ಎಲ್ಲೆಗಲ್ಲು. ಲಿಂಗಮುದ್ರೆಯ ಕಲ್ಲು ಶಿವಾಲಯಕ್ಕೆ ಬಿಟ್ಟ ಭೂಮಿಯನ್ನೂ, ಮುಕ್ಕೊಡೆಯ ಕಲ್ಲು ಬಸದಿಗೆ ಬಿಟ್ಟ ಭೂಮಿಯನ್ನೂ ಸೂಚಿಸುತ್ತದೆ. ನಾಲ್ಕನೆಯದು ಜನರ ನೆನಪು: ಹೊಲದ ಹೆಸರು, ಒಂಟಿ ಹನುಮಪ್ಪನ ಗುಡಿಗೆ ವರ್ಷಕ್ಕೊಮ್ಮೆ ಹೋಗಿ ಎಡೆ ಇಡುವ ಮನೆತನ, ‘ನಮ್ಮ ಹಿರಿಯರು ಆ ಹಾಳೂರಿನಿಂದ ಬಂದವರು’ ಎಂಬ ಅಜ್ಜಂದಿರ ಮಾತು.

ಆದರೆ ಇವುಗಳಲ್ಲಿ ಯಾವುದೊಂದನ್ನೇ ನೆಚ್ಚಿ ಇಲ್ಲಿ ಊರಿತ್ತು ಎಂದು ಹೇಳಿಬಿಡುವುದು ಸಾಧುವಲ್ಲ. ಮಡಕೆಯ ಚೂರುಗಳು ತಿಪ್ಪೆಗೊಬ್ಬರದೊಂದಿಗೆ ಊರಿನಿಂದ ಹೊಲಕ್ಕೆ ಹೋಗುತ್ತವೆ. ಹೊಲದ ತುಂಬ ಅಲ್ಲೊಂದು ಇಲ್ಲೊಂದು ಚೂರು ಸಿಕ್ಕರೆ ಅದು ಉಳುಮೆಯ ಕುರುಹೇ ಹೊರತು ವಸತಿಯ ಕುರುಹಲ್ಲ. ವೀರಗಲ್ಲನ್ನು ಜನರು ಕಿತ್ತು ತಂದು ಗುಡಿಯ ಕಟ್ಟೆಗೋ ಬಾವಿಯ ಮೆಟ್ಟಿಲಿಗೋ ಇಟ್ಟಿರುವುದುಂಟು. ಒಂಟಿ ಗುಡಿಯು ದಾರಿಹೋಕರದೋ ಕುರಿಗಾಹಿಗಳದೋ ಆಗಿರಬಹುದು. ಸ್ಥಳನಾಮವೂ ಮೋಸ ಮಾಡೀತು: ಸಿರುಗುಪ್ಪ ತಾಲ್ಲೂಕಿನ ಕುಡುದರಹಾಳು ಮುಂತಾದ ಹೆಸರುಗಳ ಕೊನೆಯ ‘ಹಾಳು’ ಎಂಬುದನ್ನು ಕಂಡೊಡನೆ ಅದು ಹಾಳುಬಿದ್ದ ಊರೆಂದು ತಿಳಿಯಲಾಗದು, ಅವು ಇಂದಿಗೂ ಜನರಿಂದ ತುಂಬಿದ ಊರುಗಳೇ ಆಗಿವೆ.

ಮಣ್ಣು, ಚೂರು, ಕಲ್ಲು, ನೆನಪು ಈ ನಾಲ್ಕೂ ಒಂದೇ ಜಾಗದಲ್ಲಿ ಕೂಡಿ, ನೀರಿನ ಆಸರೆಯೂ ಹತ್ತಿರವಿದ್ದು, ಶಾಸನದ ಎಲ್ಲೆಯೂ ಅದಕ್ಕೆ ಹೊಂದಿದರೆ ಆಗ ‘ಇದ್ದಿರಬಹುದು’ ಎಂಬ ಮಾತು ‘ಇತ್ತು’ ಎಂಬುದರ ಕಡೆಗೆ ಸಾಗುತ್ತದೆ. ಅಲ್ಲಿಯವರೆಗೆ ‘ಬಹುದು’ ಎಂದೇ ಹೇಳುವುದು ವಿದ್ವತ್ತಿನ ಶಿಸ್ತು. ಕಾಲನಿರ್ಣಯಕ್ಕೂ ಇಂಥದೇ ಎಚ್ಚರ ಬೇಕು. ಉದಾಹರಣೆಗೆ, ಹೊಗೆಸೊಪ್ಪು ಈ ದೇಶಕ್ಕೆ ಬಂದದ್ದು ಪೋರ್ಚುಗೀಸರ ಮೂಲಕ. ಆದುದರಿಂದ ದಿಬ್ಬದಲ್ಲಿ ಮಣ್ಣಿನ ಚಿಲುಮೆಯ ಚೂರುಗಳು ಸಿಕ್ಕರೆ ಆ ಪದರವು ವಿಜಯನಗರದ ಏಳಿಗೆಯ ಕಾಲಕ್ಕಿಂತ ಈಚಿನದು ಎಂದು ತಿಳಿಯಬೇಕು. 12ನೆಯ ಶತಮಾನದ ವೀರಗಲ್ಲೂ ಚಿಲುಮೆಯ ಚೂರೂ ಒಂದೇ ಕಡೆ ಇದ್ದರೆ, ಊರು ಅಷ್ಟು ದೀರ್ಘಕಾಲ ಬಾಳಿತ್ತೋ, ನಡುವೆ ಅಳಿದು ಮತ್ತೆ ಎದ್ದಿತ್ತೋ ಎಂಬುದನ್ನು ಉತ್ಖನನವೇ ಹೇಳಬೇಕು.

ಕ್ರಮಬದ್ಧವಾಗಿ ನಡೆದು ನೋಡಿದರೆ ಎಷ್ಟು ದೊರೆಯಬಲ್ಲದು ಎಂಬುದಕ್ಕೆ ನೆರೆಯ ಹಂಪೆಯೇ ಸಾಕ್ಷಿ. ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಎಂಬ ವಿದುಷಿಯರು 1980ರ ದಶಕದ ಕೊನೆಯಿಂದ ಕೆಲವು ವರ್ಷಗಳ ಕಾಲ ವಿಜಯನಗರದ ಹೊರವಲಯವನ್ನು ಕಾಲ್ನಡಿಗೆಯಲ್ಲಿ ಸಮೀಕ್ಷಿಸಿ 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿದರು. ಅವುಗಳಲ್ಲಿ ಅರಮನೆ, ಮಹಾದೇವಾಲಯಗಳಿಗಿಂತ ಕಿರುಗುಡಿ, ಕೆರೆ, ಒಡ್ಡು, ದಾರಿ, ಹಳ್ಳಿಯ ನೆಲೆಗಳಂಥವೇ ಹೆಚ್ಚು. ಮಾರಿಸನ್ ಅವರು ಕಮಲಾಪುರದ ಕೆರೆಯ ಹೂಳಿನಲ್ಲಿ ಉಳಿದಿದ್ದ ಪರಾಗಕಣಗಳನ್ನು ಪರೀಕ್ಷಿಸಿ ಅಂದಿನ ಬೇಸಾಯದ ಏರಿಳಿತವನ್ನು ಅರಿಯಲು ಯತ್ನಿಸಿದರು. ದರೋಜಿಯ ಕಣಿವೆಯ ಕೆರೆಗಳ ಕುರಿತ ಅವರ ಗ್ರಂಥ 2009ರಲ್ಲಿ ಪ್ರಕಟವಾಯಿತು. ಅದೇ ಬಗೆಯ ನಡಿಗೆಯು ದರೋಜಿಯಿಂದ ಬಹುದೂರವಿಲ್ಲದ ಕುರುಗೋಡು, ಸಿರುಗುಪ್ಪಗಳ ಪ್ರತಿ ಹೊಲಕ್ಕೂ ತಲುಪಿದಾಗ ಮಾತ್ರ ಬಲ್ಲಕುಂದೆ ಮುನ್ನೂರಿನ ನಿಜವಾದ ನಕಾಶೆ ಮೂಡಬಲ್ಲದು.

ಕಾಯಕ ಮತ್ತು ಕುರುಹು

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಎಲ್ಲ ಕಾಯಕಗಳೂ ನೆಲದಲ್ಲಿ ಸಮಾನವಾಗಿ ಕುರುಹು ಬಿಡುವುದಿಲ್ಲ. 12ನೆಯ ಶತಮಾನದ ಶರಣರ ಹೆಸರುಗಳನ್ನೇ ನೆನೆದು ನೋಡಬಹುದು. ಕುಂಬಾರ ಗುಂಡಯ್ಯನ ಕಾಯಕವು ಸಾವಿರ ವರ್ಷ ಉಳಿಯುತ್ತದೆ. ಒಡೆದ ಮಡಕೆಯು ಮತ್ತೆ ಮಣ್ಣಾಗುವುದಿಲ್ಲ. ಗಾಣದ ಕಣ್ಣಪ್ಪನ ಕಾಯಕಕ್ಕೆ ಗಾಣದ ಕಲ್ಲು ಸಾಕ್ಷಿ. ಆದರೆ ಮೇದಾರ ಕೇತಯ್ಯನು ಹೆಣೆದ ಬಿದಿರಿನ ಬುಟ್ಟಿ ಕೆಲವೇ ಮಳೆಗಾಲಗಳಲ್ಲಿ ಗೆದ್ದಲಿನ ಪಾಲಾಗುತ್ತದೆ. ಮಡಿವಾಳ ಮಾಚಯ್ಯನು ಮಡಿಮಾಡಿದ ಬಟ್ಟೆಯ ಎಳೆಯೂ ಉಳಿಯುವುದಿಲ್ಲ. ಅಂಬಿಗರ ಚೌಡಯ್ಯನು ಇದ್ದುದು ಇದೇ ತುಂಗಭದ್ರೆಯ ಮೇಲುಹರಿವಿನ ತೀರದಲ್ಲಿ. ಅದೇ ನದಿ ಸಿರುಗುಪ್ಪದ ಬಳಿ ಹರಿಯುವಾಗಲೂ ಹರಿಗೋಲು ಹಾಕಿ ಜನರನ್ನು ದಾಟಿಸಿದವರು ಎಷ್ಟೋ ಮಂದಿ ಇದ್ದಿರಬೇಕು. ಬಿದಿರಿಗೆ ಚರ್ಮ ಹೊದಿಸಿದ ಹರಿಗೋಲು ದಡದಲ್ಲಿ ಒಂದು ಗುರುತನ್ನೂ ಬಿಡುವುದಿಲ್ಲ.

ಈ ಶರಣರು ಬಳ್ಳಾರಿ ಸೀಮೆಯವರೆಂದು ಇಲ್ಲಿ ಹೇಳುತ್ತಿಲ್ಲ. ಅವರ ಹೆಸರುಗಳು ಅಂದಿನ ಕನ್ನಡ ಹಳ್ಳಿಯ ವೃತ್ತಿಗಳ ಪಟ್ಟಿಯಂತಿವೆ ಎಂಬುದಷ್ಟೇ ಇಲ್ಲಿ ಪ್ರಸ್ತುತ. ಶಾಸನವು ದಾನ ಕೊಟ್ಟವನನ್ನು ನೆನೆಯುತ್ತದೆ. ಬರಿಗೈಯವನನ್ನು ನೆನೆಯುವುದು ವಿರಳ. ಮಣ್ಣು ಗಟ್ಟಿಯಾದ ವಸ್ತುವನ್ನು ಉಳಿಸುತ್ತದೆ. ನಾರು, ಬಿದಿರು, ಚರ್ಮ, ನೂಲನ್ನು ನುಂಗುತ್ತದೆ. ಇವೆರಡೂ ಕೈಬಿಟ್ಟ ಜನರನ್ನು ವಚನ ಸಾಹಿತ್ಯವು ಅವರವರ ಕಾಯಕದ ಹೆಸರಿನಿಂದಲೇ ಕರೆದು ಕೂಡಿಸಿಕೊಂಡಿತು. ನೂಲು, ನೇಗಿಲು, ಗಾಣ, ಆವಿಗೆ, ಹರಿಗೋಲುಗಳ ಮಾತು ವಚನಗಳಲ್ಲಿ ತುಂಬಿರುವುದರಿಂದ ಇತಿಹಾಸದ ವಿದ್ಯಾರ್ಥಿಗೆ ಅವು ಹಳ್ಳಿಯ ಬಳಕೆಯ ವಸ್ತುಗಳ ಕೋಶದಂತೆಯೂ ಉಪಯುಕ್ತವಾಗಿವೆ. ಹಾಳೂರಿನ ದಿಬ್ಬದಲ್ಲಿ ಮಡಕೆಚೂರು ಮಾತ್ರ ಸಿಕ್ಕಿತ್ತೆಂದು ಅಲ್ಲಿ ಕುಂಬಾರನೊಬ್ಬನೇ ಇದ್ದನೆಂದು ಭಾವಿಸಬಾರದು. ಸಿಕ್ಕದ ಬುಟ್ಟಿಯನ್ನೂ ಸಿಕ್ಕದ ಬಟ್ಟೆಯನ್ನೂ ಮನಸ್ಸಿನಲ್ಲಿಟ್ಟುಕೊಂಡೇ ದಿಬ್ಬವನ್ನು ಓದಬೇಕು.

ಊರು ಹಾಳಾಗುವ ಬಗೆ

ಊರು ಹಾಳಾಗಲು ಕಾರಣಗಳು ಅನೇಕ. ವೀರಗಲ್ಲುಗಳೇ ಮೊದಲ ಕಾರಣವನ್ನು ಹೇಳುತ್ತವೆ. ತುರುಗಳನ್ನು ಕಳ್ಳರಿಂದ ಬಿಡಿಸುವಾಗ ಸತ್ತವರು, ಊರಳಿವಿನಲ್ಲಿ ಹೋರಾಡಿ ಮಡಿದವರು ಆ ಕಲ್ಲುಗಳಲ್ಲಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವ ದೃಶ್ಯ, ಮೇಲೆ ಶಿವಸನ್ನಿಧಿ. ‘ಊರಳಿವು’ ಎಂಬ ಪದವೇ ಶಾಸನಗಳಲ್ಲಿ ಸಾಮಾನ್ಯ ಮಾತಾಗಿ ಬಳಕೆಯಾಗಿರುವುದನ್ನು ನೋಡಿದರೆ ಅಂದಿನ ಹಳ್ಳಿಗರ ಬಾಳು ಎಷ್ಟು ಅಭದ್ರವಾಗಿತ್ತೆಂಬುದು ಮನವರಿಕೆಯಾಗುತ್ತದೆ. ಚಾಲುಕ್ಯ, ಕಲಚುರಿ, ಹೊಯ್ಸಳ, ಸೇವುಣರ ಸೇನೆಗಳು ಹಾದುಹೋದ ಈ ಗಡಿನಾಡಿನಲ್ಲಿ ಅದು ಸಹಜವೂ ಆಗಿತ್ತು. 1565ರ ರಕ್ಕಸಗಿ ತಂಗಡಗಿ ಕದನದ ಬಳಿಕ ವಿಜಯನಗರದ ಆಸರೆ ತಪ್ಪಿ, ಪಾಳೆಯಗಾರರ ಕಾಲದಲ್ಲಿ ಈ ಸೀಮೆ ಮತ್ತೆ ಕೈಯಿಂದ ಕೈಗೆ ಹೋಯಿತು.

ಎರಡನೆಯ ಕಾರಣ ನೀರು. ಕೆರೆ ಬತ್ತಿದರೂ ಊರು ಏಳುತ್ತದೆ, ಕೆರೆ ಒಡೆದರೂ ಏಳುತ್ತದೆ. 1851ರ ಬಿರುಮಳೆಯಲ್ಲಿ ಬಳ್ಳಾರಿ ಜಿಲ್ಲೆಯ ಹಲವು ಕೆರೆಗಳು ಒಡೆದವು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರವು ಈ ಜಿಲ್ಲೆಯನ್ನು ಅತ್ಯಂತ ಘೋರವಾಗಿ ಕಾಡಿತು. ಇವು ಈಚಿನ ಘಟನೆಗಳಾದರೂ, ಹಿಂದಿನ ಶತಮಾನಗಳಲ್ಲಿ ಏನು ನಡೆದಿರಬಹುದೆಂಬುದಕ್ಕೆ ಅಳತೆಗೋಲಾಗಬಲ್ಲವು.

ಆದರೆ ಹಾಳಾದ ಊರು ಹಾಳಾಗಿಯೇ ಉಳಿಯಬೇಕೆಂದಿಲ್ಲ. ಆಳುವವರು ‘ಕೌಲು’ ಕೊಟ್ಟು, ಕೆಲವು ವರ್ಷ ಕಂದಾಯ ಇಳಿಸಿ ಒಕ್ಕಲುಗಳನ್ನು ಮತ್ತೆ ಕರೆತರುತ್ತಿದ್ದರು. ಬಳ್ಳಾರಿ ನಗರದ ಕೌಲ್ ಬಜಾರಿನ ಹೆಸರಿನಲ್ಲಿ ಆ ಮಾತು ಇಂದಿಗೂ ಉಳಿದಿದೆ. ಕರ್ನಲ್ ಮೆಕೆಂಜಿಯ ಕಾಲದಲ್ಲಿ ಸಂಗ್ರಹವಾದ ಕೈಫಿಯತ್ತುಗಳಲ್ಲಿ ಊರು ಕಟ್ಟಿದ, ಊರು ಕೆಟ್ಟ, ಮತ್ತೆ ಊರು ಕಟ್ಟಿದ ಕಥನಗಳು ಹೇರಳವಾಗಿವೆ. ಎಂ. ಎಂ. ಕಲಬುರ್ಗಿ ಅವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಗ್ರಂಥವನ್ನು ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಪ್ರಕಟಿಸಿದ ಮೇಲೆ ಗ್ರಾಮಚರಿತ್ರೆಗೆ ಇದೊಂದು ಮುಖ್ಯ ಆಕರವಾಯಿತು.

ನೆಲವನ್ನು ಸಮ ಮಾಡುವ ಕಾಲ

ತುಂಗಭದ್ರೆಯ ನೀರು ಈ ಸೀಮೆಗೆ ಹೊಸದೇನಲ್ಲ. ವಿಜಯನಗರದ ಕಾಲದ ಕಾಲುವೆಗಳೆಂದು ಹೆಸರಾದವುಗಳಲ್ಲಿ ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳೂ ಸೇರಿವೆ. ಆದರೆ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಆದ ಬದಲಾವಣೆಯ ಪ್ರಮಾಣವೇ ಬೇರೆ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಹೊರಗಿನಿಂದ ಬಂದ ಬೇಸಾಯಗಾರರು ಕಾಲುವೆಯ ಬದಿಯಲ್ಲಿ ನೆಲೆಸಿ ‘ಕ್ಯಾಂಪು’ಗಳೆಂಬ ಹೊಸ ಊರುಗಳು ಹುಟ್ಟಿದವು. ಬಡತನದ ಬಯಲು ನೀರಾವರಿಯಿಂದ ಅನ್ನ ಕಂಡಿತು. ಇದನ್ನು ಯಾರೂ ಅಲ್ಲಗಳೆಯಲಾರರು. ಸಿರುಗುಪ್ಪವೆಂದರೆ ‘ಸಿರಿಯ ಗುಪ್ಪೆ’ ಎಂದು ಜನರು ಹೇಳುವ ಅರ್ಥ ಈ ಕಾಲದಲ್ಲಿ ನಿಜವಾಯಿತು.

ಆದರೆ ಭತ್ತಕ್ಕೆ ನೀರು ನಿಲ್ಲಬೇಕಾದರೆ ನೆಲ ಸಮವಾಗಬೇಕು. ನೆಲ ಸಮವಾಗಬೇಕಾದರೆ ದಿಬ್ಬ ಹೋಗಬೇಕು. ಹಾಳೂರಿನ ದಿಬ್ಬವು ರೈತನ ಕಣ್ಣಿಗೆ ಅಡ್ಡಿಯೂ ಹೌದು, ಲಾಭವೂ ಹೌದು. ಬೂದಿ, ಸಗಣಿ ಬೆರೆತ ಹಳೆಯೂರಿನ ಮಣ್ಣು ಒಳ್ಳೆಯ ಗೊಬ್ಬರವೆಂಬುದು ದಖ್ಖನ್ನಿನ ರೈತರೆಲ್ಲ ಬಲ್ಲ ಸಂಗತಿ. ಹಿಂದೆ ಎತ್ತಿನ ಬಂಡಿಯಲ್ಲಿ ತುಸು ತುಸುವಾಗಿ ಹೋಗುತ್ತಿದ್ದ ಆ ಮಣ್ಣು ಈಗ ಯಂತ್ರದ ಬಾಯಿಗೆ ಸಿಕ್ಕು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಗುಡ್ಡದ ಬುಡದ ನೆಲೆಗಳಿಗೆ ಕಲ್ಲುಗಣಿಯ ಭಯ. ಕಪ್ಪಗಲ್ಲಿನ ಬಂಡೆಚಿತ್ರಗಳೂ ನಾದ ಕೊಡುವ ಕಲ್ಲುಗಳೂ 2004ರಲ್ಲಿ ಜಗತ್ತಿನ ಗಮನ ಸೆಳೆದಾಗ ವಿದ್ವಾಂಸರು ವ್ಯಕ್ತಪಡಿಸಿದ ಆತಂಕವೂ ಇದೇ ಆಗಿತ್ತು. ನಗರದ ಅಂಚಿನ ನೆಲೆಗಳಿಗೆ ಬಡಾವಣೆಗಳ ಭಯ. ಒಂಟಿ ಗುಡಿಗಳಿಗೆ ನಿಧಿಗಳ್ಳರ ಕಾಟ. ಹೊನ್ನಿನ ಆಸೆಗೆ ಬಸವನ ಮೂರ್ತಿಯನ್ನು ಉರುಳಿಸಿ, ಪಾಣಿಪೀಠವನ್ನು ಅಗೆದು ಹಾಕುವ ದುಷ್ಕೃತ್ಯಗಳು ನಾಡಿನಲ್ಲಿ ಪದೇ ಪದೇ ನಡೆದಿವೆ. ಹಳ್ಳಿಯ ಹಾಳುದಿಬ್ಬದಲ್ಲಿ ಹೊನ್ನಿರುವುದು ತೀರ ಅಪರೂಪ. ಅಲ್ಲಿರುವ ನಿಜವಾದ ನಿಧಿ ಪದರ ಪದರವಾಗಿ ಕೂತ ಮಣ್ಣಿನ ಕ್ರಮವೇ. ಒಮ್ಮೆ ಅದು ಕಲಸಿಹೋದರೆ ಯಾವ ವಿದ್ವಾಂಸನೂ ಅದನ್ನು ಮತ್ತೆ ಓದಲಾರ.

ಕಾನೂನಿನ ಆಸರೆ ಇಲ್ಲವೆಂದಲ್ಲ. ಸ್ಮಾರಕಗಳ ರಕ್ಷಣೆಗೆ 1958ರ ಕೇಂದ್ರ ಅಧಿನಿಯಮವೂ 1961ರ ರಾಜ್ಯ ಅಧಿನಿಯಮವೂ, ಸಿಕ್ಕ ನಿಧಿಯ ಕುರಿತು 1962ರ ರಾಜ್ಯ ಅಧಿನಿಯಮವೂ ಇವೆ. ಆದರೆ ಘೋಷಿತ ಸ್ಮಾರಕಕ್ಕೆ ಫಲಕವಿದೆ, ಕಾವಲಿದೆ. ಹೆಸರಿಲ್ಲದ ಹಾಳುದಿಬ್ಬಕ್ಕೆ ಇವು ಯಾವುವೂ ಇಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹಂಪೆಯು ಆ ಜಿಲ್ಲೆಗೆ ಸೇರಿತು. ಬಳ್ಳಾರಿ ಜಿಲ್ಲೆಯ ಪಾಲಿಗೆ ಉಳಿದದ್ದು ಸಂಗನಕಲ್ಲಿನ ಗುಡ್ಡ, ತೆಕ್ಕಲಕೋಟೆಯ ನೆಲೆ, ಕುರುಗೋಡಿನ ಗುಡಿಗಳು ಮತ್ತು ಈ ಹೆಸರಿಲ್ಲದ ದಿಬ್ಬಗಳು. ನಗರದಲ್ಲಿ ಬ್ರೂಸ್ ಫೂಟ್ ಅವರ ಹೆಸರಿನಲ್ಲಿ ಪುರಾತತ್ವ ಸಂಗ್ರಹಾಲಯವೊಂದು ತಲೆಯೆತ್ತಿರುವುದು ಸಂತೋಷದ ಸಂಗತಿ. ಶಿಲಾಯುಗಕ್ಕೆ ದೊರೆತ ಈ ಮನ್ನಣೆ ಮಧ್ಯಯುಗದ ಒಕ್ಕಲಿಗೂ ದೊರೆಯಬೇಕಾಗಿದೆ.

ಇದಕ್ಕೆ ಊರಿನವರು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಹೊಲದಲ್ಲಿ ಬರಹದ ಕಲ್ಲೋ ವೀರಗಲ್ಲೋ ಎಲ್ಲೆಗಲ್ಲೋ ಕಂಡರೆ ಅದನ್ನು ಕಿತ್ತು ಸಾಗಿಸದೆ ಇದ್ದಲ್ಲಿಯೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಬೇಕು. ಕಲ್ಲಿನ ಅರ್ಧ ಅರ್ಥ ಅದು ನಿಂತ ಜಾಗದಲ್ಲಿದೆ. ಹೊಲವನ್ನು ಸಮ ಮಾಡುವ ಮೊದಲು ದಿಬ್ಬದ ಚಿತ್ರ ತೆಗೆದು, ಸರ್ವೆ ನಂಬರನ್ನು ಬರೆದಿಡಬೇಕು. ಶಾಲೆಯ ಮಕ್ಕಳಿಂದ ಊರಿನ ಹೊಲಗಳ ಹೆಸರುಗಳನ್ನೂ ಹಿರಿಯರ ನೆನಪುಗಳನ್ನೂ ಬರೆಯಿಸಬೇಕು. ‘ಹಾಳೂರ ಹೊಲ’ ಎಂಬ ಮಾತು ಸರ್ವೆ ನಂಬರಿನ ಮುಂದೆ ಮರೆಯಾಗುವ ಮೊದಲೇ ಈ ಕೆಲಸ ಆಗಬೇಕು. ಒಂಟಿ ಗುಡಿಗೆ ಸುಣ್ಣ, ಬಣ್ಣ, ಸಿಮೆಂಟು ಬಳಿದು ಜೀರ್ಣೋದ್ಧಾರ ಮಾಡುವಾಗ ಗೋಡೆಯ ಅಕ್ಷರಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಅಂದಿನವರು ದಾನಶಾಸನದ ಕೊನೆಯಲ್ಲಿ ತಪ್ಪದೆ ಒಂದು ಎಚ್ಚರಿಕೆಯನ್ನು ಬರೆಸುತ್ತಿದ್ದರು. ಈ ಧರ್ಮವನ್ನು ಕಾಪಾಡಿದವರಿಗೆ ಪುಣ್ಯ, ಅಳಿದವರಿಗೆ ಕವಿಲೆಯನ್ನು ಕೊಂದ ಪಾಪ ಎಂಬುದು ಅದರ ತಾತ್ಪರ್ಯ. ಆ ಮಾತು ಬಿಟ್ಟ ಭೂಮಿಯನ್ನು ಕುರಿತದ್ದು. ಇಂದು ಆ ಭೂಮಿಯನ್ನು ಉತ್ತವರ ಊರೇ ಅಳಿವಿನ ಅಂಚಿನಲ್ಲಿದೆ. ಹೆಸರಿಲ್ಲದೆ ದುಡಿದು ಹೋದ ಆ ಜನಕ್ಕೆ ಗುಡಿಯಿಲ್ಲ, ಶಾಸನವಿಲ್ಲ, ಇರುವುದು ಬೂದುಮಣ್ಣಿನ ಒಂದು ದಿಬ್ಬ ಮಾತ್ರ. ಅದನ್ನು ಓದುವುದಕ್ಕೆ ಮೊದಲೇ ಗದ್ದೆಗೆ ಚೆಲ್ಲಿಬಿಟ್ಟರೆ ಬಲ್ಲಕುಂದೆ ನಾಡಿನ ಚರಿತ್ರೆಯು ಎಂದೆಂದಿಗೂ ಅರಸರ ಚರಿತ್ರೆಯಾಗಿಯೇ ಉಳಿಯುತ್ತದೆ ಎಂಬುದನ್ನು ಈ ಸೀಮೆಯ ಜನ ಮರೆಯಬಾರದು.